ಮೂರು ಸಾಲಿನ ಮದ್ದುಗುಂಡು

1995ರ ಸುಮಾರಿಗೆ ಅಮೆರಿಕದ ಕಂಪ್ಯೂಟರ್ ಮಂದಿಯ ಮೈಮೇಲೆ ಒಂದು ಟೀ ಶರ್ಟ್ ಓಡಾಡುತ್ತಿತ್ತು. ಅದರ ಮೇಲಿದ್ದದ್ದು ಡಾಲರ್ ಗುರುತು, ಓರೆಗೀಟು, ಆವರಣ ಚಿಹ್ನೆ, ಬಿಡಿ ಅಕ್ಷರಗಳೆಲ್ಲ ಒತ್ತೊತ್ತಾಗಿ ಸೇರಿದ ಕೆಲವೇ ಸಾಲುಗಳು. ನೋಡಿದವರಿಗೆ ಟೈಪ್ ಮಾಡುವಾಗ ಬೆಕ್ಕು ಕೀಬೋರ್ಡಿನ ಮೇಲೆ ನಡೆದಂತೆ ಕಾಣಬೇಕು. ಜೊತೆಗೊಂದು ಎಚ್ಚರಿಕೆಯೂ ಅಚ್ಚಾಗಿತ್ತು: ಈ ಅಂಗಿಯನ್ನು ಯುದ್ಧಸಾಮಗ್ರಿ ಎಂದು ವರ್ಗೀಕರಿಸಲಾಗಿದೆ, ಇದನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಪರದೇಶದವರಿಗೆ ತೋರಿಸುವಂತಿಲ್ಲ.

ತಮಾಷೆಯೇ ಸರಿ. ಆದರೆ ಆಗಿನ ಕಾನೂನನ್ನು ಅಕ್ಷರಶಃ ಓದಿದರೆ ಅದು ನಿಜವೂ ಆಗಿತ್ತು. ಆ ಸಾಲುಗಳು ಪರ್ಲ್ ಭಾಷೆಯಲ್ಲಿ ಬರೆದ ಆರ್‌ಎಸ್‌ಎ ಗೂಢಲಿಪಿ ಪ್ರೋಗ್ರಾಮು. ಬರೆದವರು ಬ್ರಿಟನ್ನಿನ ಆಡಮ್ ಬ್ಯಾಕ್. ಮೂರು ಸಾಲಿದ್ದದ್ದು ಬೇರೆಯವರ ಕೈಯಿಂದಲೂ ತಿದ್ದಿಸಿಕೊಂಡು ಎರಡು ಸಾಲಿಗೆ ಇಳಿಯಿತು. ಟೀ ಶರ್ಟಿಗೆ ಬರುವ ಮುನ್ನ ಅದರ ಜಾಗ ಇಮೇಲಿನ ಕೊನೆಯಲ್ಲಿತ್ತು, ಹೆಸರು ವಿಳಾಸ ಹಾಕುವ ಸಹಿಯ ಜಾಗದಲ್ಲಿ. ಸಹಿ ನಾಲ್ಕು ಸಾಲು ದಾಟಬಾರದೆಂಬುದು ಅಂದಿನ ಇಂಟರ್ನೆಟ್ಟಿನ ಮರ್ಯಾದೆ. ಆ ಮರ್ಯಾದೆಯೊಳಗೇ ಒಂದು ಇಡೀ ಗೂಢಲಿಪಿ ವ್ಯವಸ್ಥೆ ಹಿಡಿಸಿತು. ಅಮೆರಿಕದ ಯಾರಾದರೂ ಈ ಸಹಿ ಹಾಕಿ ಹೊರದೇಶದ ಗೆಳೆಯನಿಗೆ ಒಂದು ಕಾಗದ ಕಳಿಸಿದರೆ, ಕಾನೂನಿನ ಲೆಕ್ಕದಲ್ಲಿ ಅವರು ಪರವಾನಗಿಯಿಲ್ಲದೆ ಮದ್ದುಗುಂಡು ರಫ್ತು ಮಾಡಿದಂತೆ.

ಪರ್ಲ್ ಇಂದು ಹೊಸಬರು ಕಲಿಯಲು ಆಯ್ದುಕೊಳ್ಳುವ ಭಾಷೆಯಲ್ಲ. ಆದರೂ ಅದರ ಗೂಢಲಿಪಿ ಮತ್ತು ಹ್ಯಾಶ್ ಲೈಬ್ರರಿಗಳ ಕಥೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬರೆದ ಸಂಕೇತ ಮಾತೇ, ಆಯುಧವೇ? ಮತ್ತು, ನಂಬಿಕೆಗೆಂದು ಹಾಕಿದ ಮುದ್ರೆ ಎಷ್ಟು ಕಾಲ ಬಾಳುತ್ತದೆ? ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಎರಡನೆಯದು ನಮ್ಮ ದೇಶದ ಕೋರ್ಟುಗಳವರೆಗೆ ಬಂದು ನಿಂತಿದೆ.

ಪುಸ್ತಕ ಹೋಗಬಹುದು, ಫ್ಲಾಪಿ ಹೋಗಬಾರದು

ಎರಡನೆಯ ಮಹಾಯುದ್ಧದ ನಂತರ ಗೂಢಲಿಪಿಯನ್ನು ಸರ್ಕಾರಗಳು ಸೈನ್ಯದ ಸೊತ್ತಾಗಿಯೇ ಕಂಡವು. ಅಮೆರಿಕದ ಯುದ್ಧಸಾಮಗ್ರಿ ಪಟ್ಟಿಯಲ್ಲಿ ಟ್ಯಾಂಕು, ಕ್ಷಿಪಣಿಗಳ ಜೊತೆಗೆ ಗೂಢಲಿಪಿ ಸಾಫ್ಟ್‌ವೇರೂ ಇತ್ತು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಹೊಸ ದಾರಿ ತೋರಿಸಿದರು. ಗುಟ್ಟಿನ ಕೀಲಿಯನ್ನು ಮೊದಲೇ ಹಂಚಿಕೊಳ್ಳದ ಇಬ್ಬರು ಅಪರಿಚಿತರೂ ಗುಟ್ಟಾಗಿ ಮಾತಾಡಬಹುದು ಎಂಬುದು ಅದರ ಸಾರ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೊಂದು ರೂಪ ಕೊಟ್ಟರು. ಅದೇ ಆರ್‌ಎಸ್‌ಎ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ಕೊಟ್ಟು ಆ ಎರಡನ್ನು ಹುಡುಕಿ ಎಂದರೆ ಬಲು ಕಷ್ಟ. ಈ ಏರುಪೇರಿನ ಮೇಲೆ ಇಡೀ ಬೀಗ ನಿಂತಿದೆ.

1991ರಲ್ಲಿ ಫಿಲ್ ಝಿಮ್ಮರ್‌ಮನ್ ಅದನ್ನು ಬಳಸಿ ಪಿಜಿಪಿ ಎಂಬ ಪ್ರೋಗ್ರಾಮನ್ನು ಜನಸಾಮಾನ್ಯರ ಕೈಗಿತ್ತರು. ಅದು ಇಂಟರ್ನೆಟ್ ಮೂಲಕ ದೇಶದಾಚೆ ಹೋದದ್ದಕ್ಕೆ 1993ರಿಂದ ಅವರ ಮೇಲೆ ತನಿಖೆ ನಡೆಯಿತು. ಅದು ಕೈಬಿಟ್ಟದ್ದು 1996ರ ಜನವರಿಯಲ್ಲಿ. ಈ ನಡುವೆ, 1995ರಲ್ಲಿ, ಎಂಐಟಿ ಪ್ರೆಸ್ ಪಿಜಿಪಿಯ ಇಡೀ ಸೋರ್ಸ್ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿತು. ಫ್ಲಾಪಿಯಲ್ಲಿದ್ದರೆ ಆಯುಧ, ಕಾಗದದ ಮೇಲಿದ್ದರೆ ಪುಸ್ತಕ! ಇದನ್ನು ಪರೀಕ್ಷಿಸಿಯೇ ನೋಡಿದವರು ಫಿಲ್ ಕಾರ್ನ್ ಎಂಬ ಎಂಜಿನಿಯರ್. ಬ್ರೂಸ್ ಶ್ನಾಯರ್ ಬರೆದ ಗೂಢಲಿಪಿಯ ಪಠ್ಯಪುಸ್ತಕವನ್ನು ಕಳಿಸಲು ಸರ್ಕಾರ ಒಪ್ಪಿತು. ಅದೇ ಪುಸ್ತಕದಲ್ಲಿ ಅಚ್ಚಾದ ಪ್ರೋಗ್ರಾಮುಗಳನ್ನು ಫ್ಲಾಪಿಗೆ ಹಾಕಿ ಕೇಳಿದರೆ ಕೂಡದು ಎಂದಿತು. ಅಕ್ಷರ ಅವೇ, ಹೊತ್ತ ವಸ್ತು ಬೇರೆ.

ಹೊರದೇಶಕ್ಕೆ ಮಾರಬಹುದಾದ ಬೀಗಗಳನ್ನು ಬೇಕೆಂದೇ ಸಡಿಲ ಮಾಡಲಾಗುತ್ತಿತ್ತು. ಬ್ರೌಸರುಗಳ ರಫ್ತು ಆವೃತ್ತಿಯಲ್ಲಿ ಗುಟ್ಟಿನ ಕೀಲಿ 40 ಬಿಟ್‌ಗೆ ಸೀಮಿತ. 1995ರ ಆಗಸ್ಟಿನಲ್ಲಿ ಫ್ರಾನ್ಸಿನ ಡೇಮಿಯನ್ ಡೋಲಿಗೆ ತನಗೆ ಸಿಕ್ಕ ಕಂಪ್ಯೂಟರುಗಳನ್ನೆಲ್ಲ ಹೂಡಿ, ನೆಟ್‌ಸ್ಕೇಪಿನ ಅಂಥ ಒಂದು ಬೀಗವನ್ನು ಎಂಟು ದಿನದಲ್ಲಿ ತೆರೆದರು. ಆಡಮ್ ಬ್ಯಾಕರ ಸಹಿ ಹುಟ್ಟಿದ್ದು ಈ ವಾತಾವರಣದಲ್ಲಿ.

ಭಾಷಾಶಾಸ್ತ್ರಜ್ಞನ ಭಾಷೆ

ಆ ಸಹಿಗೆ ಪರ್ಲೇ ಯಾಕೆ ಒದಗಿತು? ಇದಕ್ಕೆ ಉತ್ತರ ಆ ಭಾಷೆಯ ಹುಟ್ಟಿನಲ್ಲಿದೆ, ಭಾಷಾಶಾಸ್ತ್ರ ಓದಿದ ನನಗೆ ಈ ಭಾಗದ ಮೇಲೆ ಕೊಂಚ ಹೆಚ್ಚು ಪ್ರೀತಿ. ಪರ್ಲ್ ಮಾಡಿದ ಲ್ಯಾರಿ ವಾಲ್ ಭಾಷಾಶಾಸ್ತ್ರದ ವಿದ್ಯಾರ್ಥಿ. ಲಿಪಿಯಿಲ್ಲದ ಒಂದು ಭಾಷೆಯನ್ನು, ಬಹುಶಃ ಆಫ್ರಿಕಾದಲ್ಲಿ, ಹುಡುಕಿ ಅದಕ್ಕೆ ಬರಹ ಕಟ್ಟಿಕೊಡಬೇಕೆಂದು ಅವರೂ ಅವರ ಹೆಂಡತಿಯೂ ಬರ್ಕ್ಲಿಯಲ್ಲಿ ಓದುತ್ತಿದ್ದರು. ಆರೋಗ್ಯ ಒದಗಲಿಲ್ಲ, ಹೋಗಲಾಗಲಿಲ್ಲ. ಕಂಪ್ಯೂಟರ್ ಕೆಲಸಕ್ಕೆ ಸೇರಿದರು. 1987ರ ಡಿಸೆಂಬರ್ 18ರಂದು ಪರ್ಲ್‌ನ ಮೊದಲ ಆವೃತ್ತಿ ಹೊರಬಿತ್ತು.

ಮನುಷ್ಯರ ಮಾತಿನ ಗುಣಗಳನ್ನು ಅವರು ಬೇಕೆಂದೇ ಪರ್ಲ್‌ಗೆ ತಂದರು. ನಾವು ‘ತಂದೆ, ಕೊಟ್ಟೆ, ಬಂದೆ’ ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ, ಸಂದರ್ಭದಿಂದ ಗೊತ್ತಾಗುತ್ತದೆ. ಪರ್ಲ್‌ನಲ್ಲೂ ‘ಅದು’ ಎಂಬಂಥ ಒಂದು ಸರ್ವನಾಮವಿದೆ, $_ ಎಂದು ಬರೆಯುತ್ತಾರೆ. ಎಷ್ಟೋ ಕಡೆ ಅದನ್ನೂ ಬರೆಯದೆ ಬಿಡಬಹುದು. ಒಂದೇ ವಿಷಯವನ್ನು ಹೇಳಲು ಹಲವು ದಾರಿ ಇರಲಿ ಎಂಬುದು ಅದರ ಘೋಷವಾಕ್ಯ. ಹಾಗಾಗಿ ಪರ್ಲ್‌ನಲ್ಲಿ ವಿಸ್ತಾರವಾಗಿಯೂ ಬರೆಯಬಹುದು, ಒಗಟಿನಂತೆ ಬಿಗಿಯಾಗಿಯೂ ಬರೆಯಬಹುದು.

ಬ್ಯಾಕರ ಸಾಲುಗಳಲ್ಲಿ ಇನ್ನೊಂದು ಜಾಣತನವಿತ್ತು. ಆರ್‌ಎಸ್‌ಎಗೆ ನೂರಾರು ಅಂಕಿಗಳ ಸಂಖ್ಯೆಯನ್ನು ಘಾತಕ್ಕೇರಿಸಿ ಶೇಷ ತೆಗೆಯಬೇಕು. ಪರ್ಲ್‌ನ ಮಾಮೂಲಿ ಸಂಖ್ಯೆಗಳಿಗೆ ಅಷ್ಟು ಉದ್ದ ಹಿಡಿಸದು. ಆದರೆ ಯುನಿಕ್ಸ್ ಯಂತ್ರಗಳಲ್ಲೆಲ್ಲ ‘ಡಿಸಿ’ ಎಂಬ ಹಳೆಯ ಲೆಕ್ಕದ ಪ್ರೋಗ್ರಾಮು ಇತ್ತು, ಎಷ್ಟು ಉದ್ದದ ಸಂಖ್ಯೆಯಾದರೂ ಅದಕ್ಕೆ ಸರಿ. ಪರ್ಲ್ ಸಂದೇಶವನ್ನು ಸಂಖ್ಯೆಯಾಗಿಸಿ ಡಿಸಿಗೆ ಕೊಡುತ್ತಿತ್ತು, ಉತ್ತರವನ್ನು ಮರಳಿ ಅಕ್ಷರವಾಗಿಸುತ್ತಿತ್ತು. ಅಂದರೆ ಮದ್ದುಗುಂಡಿನ ನಿಜವಾದ ಮದ್ದು ಎಲ್ಲರ ಯಂತ್ರದಲ್ಲೂ ಆಗಲೇ ಇತ್ತು. ಸರ್ಕಾರ ತಡೆಯಬೇಕಾಗಿದ್ದದ್ದು ಗುಣಾಕಾರ ಭಾಗಾಕಾರವನ್ನು!

ಇದೇ ಹೊತ್ತಿಗೆ ಬರ್ಕ್ಲಿಯ ಇನ್ನೊಬ್ಬ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೈನ್ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ್ದರು. ಅವರ ಪ್ರೋಗ್ರಾಮಿನ ಹೆಸರು ಸ್ನಫಲ್. ಹ್ಯಾಶ್ ಎಂಬ ಗಣಿತಕ್ರಿಯೆಯ ರಫ್ತಿಗೆ ಕಾನೂನು ಅಡ್ಡಿ ಮಾಡುತ್ತಿರಲಿಲ್ಲ, ಗೂಢಲಿಪಿಗೆ ಮಾತ್ರ ಅಡ್ಡಿ. ಸ್ನಫಲ್ ಹ್ಯಾಶನ್ನೇ ಗೂಢಲಿಪಿಯಾಗಿ ಬದಲಿಸುವ ಪುಟ್ಟ ಉಪಾಯ. ಅಂದರೆ ಕಾನೂನು ಎಳೆದ ಗೆರೆ ಗಣಿತದಲ್ಲಿ ಇಲ್ಲವೇ ಇಲ್ಲ ಎಂದು ತೋರಿಸುವಂಥದ್ದು. 1996ರಲ್ಲಿ ನ್ಯಾಯಾಧೀಶೆ ಮರಿಲಿನ್ ಹಾಲ್ ಪಟೇಲ್ ಅವರು ಸೋರ್ಸ್ ಕೋಡ್ ಸಂವಿಧಾನ ಕಾಪಾಡುವ ಮಾತೇ ಎಂದು ಹೇಳಿದರು. ಕಂಪ್ಯೂಟರ್ ಭಾಷೆಗೂ ಜರ್ಮನ್, ಫ್ರೆಂಚ್‌ಗಳಿಗೂ ಈ ವಿಷಯದಲ್ಲಿ ಅರ್ಥಪೂರ್ಣ ವ್ಯತ್ಯಾಸ ಕಾಣದು ಎಂಬುದು ಅವರ ವಾದಸರಣಿ. ಭಾಷೆ ಎಂದರೇನು ಎಂದು ನಾವು ತರಗತಿಗಳಲ್ಲಿ ತಿಂಗಳುಗಟ್ಟಲೆ ಚರ್ಚಿಸುವುದುಂಟು. ಒಂದು ಕೋರ್ಟು ಅದಕ್ಕೆ ಉತ್ತರ ಕೊಡಬೇಕಾಗಿ ಬಂದ ಅಪರೂಪದ ಪ್ರಸಂಗ ಇದು. ಮೇಲಿನ ಕೋರ್ಟಿನ ಪೀಠ 1999ರಲ್ಲಿ ಅವರ ಪರವೇ ನಿಂತಿತು. ಆ ತೀರ್ಪನ್ನು ಮರುಪರಿಶೀಲನೆಗೆ ಎತ್ತಿಕೊಳ್ಳಲಾಯಿತು. ಅಷ್ಟರಲ್ಲಿ, 2000ದ ಜನವರಿಯಲ್ಲಿ, ಸರ್ಕಾರವೇ ರಫ್ತು ನಿಯಮಗಳನ್ನು ಬಹಳಷ್ಟು ಸಡಿಲಿಸಿತು. ಹಾಗಾಗಿ ಯುದ್ಧ ಗೆದ್ದರೂ ಸುಪ್ರೀಂ ಕೋರ್ಟಿನ ಕೊನೆಯ ಮಾತು ಬರಲಿಲ್ಲ.

ಪರ್ಲ್ ಅಷ್ಟರಲ್ಲಿ ಕಾದಂಬರಿಯೊಳಕ್ಕೂ ಬಂದಿತ್ತು. 1999ರಲ್ಲಿ ಪ್ರಕಟವಾದ ನೀಲ್ ಸ್ಟೀಫನ್‌ಸನ್ ಅವರ ‘ಕ್ರಿಪ್ಟೊನಾಮಿಕಾನ್’ನಲ್ಲಿ ಪಾತ್ರಗಳು ಬಳಸುವ ಇಸ್ಪೀಟು ಎಲೆಯ ಗೂಢಲಿಪಿಯನ್ನು ರೂಪಿಸಿದವರು ಶ್ನಾಯರ್. ಪುಸ್ತಕದಲ್ಲಿ ಅದರ ಪರ್ಲ್ ಪ್ರೋಗ್ರಾಮೇ ಅಚ್ಚಾಗಿದೆ, ಬರೆದವರು ಇಯಾನ್ ಗೋಲ್ಡ್‌ಬರ್ಗ್.

ಲೈಬ್ರರಿಗಳ ಭೂಗೋಳ

ಭಾಷೆಯ ಕೋರ್‌ನಲ್ಲಿ ಇಲ್ಲದ್ದನ್ನು ಪರ್ಲ್ ಬಳಗ ಸಿಪ್ಯಾನ್ ಎಂಬ ಭಂಡಾರದಲ್ಲಿ ಇಡುತ್ತದೆ. ಅದು 1995ರ ಅಕ್ಟೋಬರಿನಲ್ಲಿ ತೆರೆದುಕೊಂಡಿತು. ಮೂಲ ನೆಲೆ ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲ. ಅಲ್ಲಿಂದ ಜಗತ್ತಿನ ನಾನಾ ಕಡೆ ಪ್ರತಿಗಳು. ಯಾರು ಬೇಕಾದರೂ ಬರೆದು ಇಡಬಹುದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಗೂಢಲಿಪಿಯ ಮಾಡ್ಯೂಲುಗಳು ಎಲ್ಲಿ ಬೆಳೆದವು ಎಂದು ನೋಡಿದರೆ ರಫ್ತು ಕಾನೂನಿನ ನೆರಳು ಕಾಣುತ್ತದೆ. ವೆಬ್ಬಿನ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲೀ ಎಂಬ ಸಿ ಲೈಬ್ರರಿಯನ್ನು ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದದ್ದು ಆಸ್ಟ್ರೇಲಿಯಾದಲ್ಲಿ. ಅದನ್ನು ಪರ್ಲ್‌ಗೆ ಜೋಡಿಸುವ ನೆಟ್::ಎಸ್‌ಎಸ್‌ಎಲೀ ಬರೆದವರು ಫಿನ್ಲೆಂಡಿನ ಸ್ಯಾಂಪೊ ಕೆಲ್ಲೊಮಾಕಿ. 1998ರಲ್ಲಿ ಎಸ್‌ಎಸ್‌ಎಲೀಯಿಂದಲೇ ಓಪನ್‌ಎಸ್‌ಎಸ್‌ಎಲ್ ಕವಲೊಡೆಯಿತು. ಇತ್ತ ಅಮೆರಿಕದೊಳಗೆ ಇನ್ನೊಂದು ತೊಡಕು: ಆರ್‌ಎಸ್‌ಎಗೆ 1983ರಿಂದ ಪೇಟೆಂಟ್ ಇತ್ತು, ಅದೂ ಅಮೆರಿಕದಲ್ಲಿ ಮಾತ್ರ. ಹೊರಗಿನವರಿಗೆ ಅಮೆರಿಕದ ಕೋಡು ಸಿಗದು, ಒಳಗಿನವರಿಗೆ ಹೊರಗಿನ ಕೋಡನ್ನು ಲೈಸೆನ್ಸಿಲ್ಲದೆ ಬಳಸಲಾಗದು. ಪೇಟೆಂಟಿನ ಅವಧಿ 2000ದ ಸೆಪ್ಟೆಂಬರಿನಲ್ಲಿ ಮುಗಿಯಿತು. ರಫ್ತು ನಿಯಮ ಸಡಿಲಿಸಿದ ವರ್ಷವೂ ಅದೇ.

ಆ ಕಾಲದ ಗುರುತು ಪರ್ಲ್‌ನ ಕೈಪಿಡಿಯಲ್ಲಿ ಉಳಿದುಕೊಂಡಿದೆ. ಪಾಸ್‌ವರ್ಡನ್ನು ಕಲಸಿ ಇಡುವ ಕ್ರಿಪ್ಟ್ ಎಂಬ ಕ್ರಿಯೆ ಪರ್ಲ್‌ನೊಳಗೇ ಇದೆ. ಅದರ ವಿವರಣೆಯಲ್ಲಿ, ನಿಮ್ಮ ಯಂತ್ರದ ಕ್ರಿಪ್ಟನ್ನು ಯುದ್ಧಸಾಮಗ್ರಿಯಾದೀತೆಂದು ಕಿತ್ತುಹಾಕಿಲ್ಲವಾದರೆ ಇದು ಕೆಲಸ ಮಾಡುತ್ತದೆ ಎಂಬರ್ಥದ ಒಂದು ಆವರಣವಾಕ್ಯವಿದೆ. ಓದುವವರಿಗೆ ಇದು ವ್ಯಂಗ್ಯದಂತೆ ಕೇಳಿಸಬಹುದು. ಆಗ ಅದು ಬಳಕೆದಾರರಿಗೆ ಬೇಕಾಗಿದ್ದ ಮಾಹಿತಿ.

ಮೂರು ಸಾಲು ಸಾಲದು

ಟೀ ಶರ್ಟಿನ ಆರ್‌ಎಸ್‌ಎ ರಾಜಕೀಯವಾಗಿ ಗೆದ್ದಿತು. ಆದರೆ ಅದರಿಂದ ನಿಜವಾದ ಗುಟ್ಟನ್ನು ಕಳಿಸಬಾರದು. ಬರಿಯ ಆರ್‌ಎಸ್‌ಎಯಲ್ಲಿ ಒಂದೇ ಸಂದೇಶ ಪ್ರತಿಸಲವೂ ಒಂದೇ ಗೂಢಪಠ್ಯವಾಗುತ್ತದೆ. ನಾನು ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರ ಕಳಿಸುತ್ತೇನೆ ಎಂದು ನಿಮಗೆ ಗೊತ್ತಿದ್ದರೆ, ಎಲ್ಲರಿಗೂ ತೆರೆದಿರುವ ಕೀಲಿಯಿಂದ ನೀವೇ ಎರಡನ್ನೂ ಗೂಢಪಠ್ಯ ಮಾಡಿ, ನನ್ನದರ ಜೊತೆ ಹೋಲಿಸಿದರೆ ಮುಗಿಯಿತು. ಬೀಗ ಒಡೆಯಬೇಕಾಗಿಯೇ ಇಲ್ಲ. ಅದಕ್ಕಾಗಿ ಸಂದೇಶದ ಜೊತೆ ಯಾದೃಚ್ಛಿಕ ಅಂಕಿಗಳನ್ನು ಒಂದು ಕ್ರಮದಲ್ಲಿ ಬೆರೆಸಬೇಕು. ಆ ಕ್ರಮವೂ ಸರಿಯಿರಬೇಕು. 1998ರಲ್ಲಿ ಡೇನಿಯಲ್ ಬ್ಲೈಖನ್‌ಬಾಖರ್ ಅಂಥ ಒಂದು ಬಳಕೆಯ ಕ್ರಮದಲ್ಲೇ ಸಂದು ಕಂಡುಹಿಡಿದರು. ಸರ್ವರ್ ಕೊಡುವ ತಪ್ಪು-ಸಂದೇಶಗಳನ್ನು ಕೇಳಿಸಿಕೊಳ್ಳುತ್ತಲೇ ಗುಟ್ಟನ್ನು ಬಿಡಿಸಬಹುದಿತ್ತು.

ಹೀಗೆ, ಗಣಿತ ಮೂರು ಸಾಲಾದರೆ ಅದರ ಸುತ್ತಲಿನ ಎಚ್ಚರ ಮೂರು ಸಾವಿರ ಸಾಲು. ಲೈಬ್ರರಿ ಬೇಕಾಗುವುದು ಈ ಎಚ್ಚರಕ್ಕೆ. ಪರ್ಲ್‌ನಲ್ಲಿ ಆ ಕೆಲಸಕ್ಕೆ ಕೈಹಾಕಿದವರಲ್ಲಿ ಭಾರತದವರೊಬ್ಬರಿದ್ದಾರೆ, ವಿಪುಲ್ ವೇದ್ ಪ್ರಕಾಶ್. ಕ್ರಿಪ್ಟ್::ಆರ್‌ಎಸ್‌ಎ ಎಂಬ ಮಾಡ್ಯೂಲನ್ನು ಅವರು ಬರೆದರು. ಅದಕ್ಕೆ ಬೇಕಾದ ಅವಿಭಾಜ್ಯ ಸಂಖ್ಯೆ ಹುಡುಕುವ, ಯಾದೃಚ್ಛಿಕ ಸಂಖ್ಯೆ ಕೊಡುವ ಮಾಡ್ಯೂಲುಗಳನ್ನೂ ಬೇರೆಯಾಗಿಯೇ ಕಟ್ಟಿದರು. ದೊಡ್ಡ ಲೆಕ್ಕಕ್ಕೆ ಪಾರಿ ಎಂಬ ಗಣಿತ ಲೈಬ್ರರಿಯ ನೆರವು. 1998ರಲ್ಲಿ ಅವರು ಶುರುಮಾಡಿದ ರೇಜರ್ ಎಂಬ ಪರ್ಲ್ ವ್ಯವಸ್ಥೆ ಸ್ಪ್ಯಾಮ್ ಮೇಲ್‌ಗಳ ಹ್ಯಾಶ್ ಗುರುತನ್ನು ಊರೆಲ್ಲ ಹಂಚಿಕೊಂಡು ತಡೆಯುತ್ತಿತ್ತು.

ಇನ್ನೊಬ್ಬರು ಲಿಂಕನ್ ಸ್ಟೈನ್, ವೃತ್ತಿಯಿಂದ ಜೀವವಿಜ್ಞಾನಿ, ಮಾನವ ಜೀನೋಮ್ ಯೋಜನೆಯಲ್ಲಿ ಪರ್ಲ್ ಬಳಸಿದವರು. ಅವರ ಕ್ರಿಪ್ಟ್::ಸಿಬಿಸಿ ವರ್ಷಗಟ್ಟಲೆ ಎಷ್ಟೋ ಕಡೆ ಬಳಕೆಯಾಯಿತು. ಗೂಢಲಿಪಿ ಯಂತ್ರಗಳು ಪಠ್ಯವನ್ನು ತುಂಡುತುಂಡಾಗಿ ನುಂಗುತ್ತವೆ. ಒಂದೇ ತರಹದ ತುಂಡುಗಳು ಒಂದೇ ತರಹ ಹೊರಬಂದರೆ ಪಠ್ಯದ ಆಕಾರವೇ ಬಯಲಾಗುತ್ತದೆ. ಅದಕ್ಕೆ ಪ್ರತಿ ತುಂಡಿಗೂ ಹಿಂದಿನ ತುಂಡಿನ ಫಲಿತವನ್ನು ಬೆರೆಸುತ್ತಾರೆ, ಮೊಸರಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕಿದ ಹಾಗೆ. ಮೊಟ್ಟಮೊದಲ ತುಂಡಿಗೆ ಮಾತ್ರ ಹೆಪ್ಪನ್ನು ಹೊರಗಿನಿಂದ ತರಬೇಕು. ಸ್ಟೈನ್ ಅವರ ಮಾಡ್ಯೂಲು ಹುಟ್ಟಿದಾಗ ತುಂಡುಗಳು 8 ಬೈಟ್‌ನವು, ಹೆಪ್ಪೂ 8 ಬೈಟ್. ಆಮೇಲೆ 16 ಬೈಟ್ ತುಂಡಿನ ಹೊಸ ಗೂಢಲಿಪಿಗಳು ಬಂದವು, ಹೆಪ್ಪು 8ರಲ್ಲೇ ಉಳಿಯಿತು. 2006ರಲ್ಲಿ ಈ ದೋಷ ಬೆಳಕಿಗೆ ಬಂದು ತಿದ್ದುಪಡಿಯಾಯಿತು. ಬರೆದ ದಿನ ಸರಿಯಿದ್ದ ಕೋಡು ಸುತ್ತಲಿನ ಲೋಕ ಬದಲಾದದ್ದರಿಂದ ತಪ್ಪಾಯಿತು. ಲೈಬ್ರರಿಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಬರುವ ಕಥೆ.

ಬೀಸಿದ ಹಿಟ್ಟು

ಹ್ಯಾಶ್ ಗೂಢಲಿಪಿಗಿಂತ ಬೇರೆ. ಗೂಢಲಿಪಿಯನ್ನು ಕೀಲಿ ಇದ್ದವರು ಬಿಡಿಸಬಹುದು. ಹ್ಯಾಶನ್ನು ಯಾರೂ ಬಿಡಿಸುವಂತಿಲ್ಲ. ಪರ್ಲ್ ಕೈಪಿಡಿ ಮೊಟ್ಟೆ ಒಡೆದು ಆಮ್ಲೆಟ್ ಮಾಡುವುದಕ್ಕೆ ಹೋಲಿಸುತ್ತದೆ. ನಾವು ರಾಗಿ ಬೀಸುವುದಕ್ಕೆ ಹೋಲಿಸಬಹುದು: ಹಿಟ್ಟಿನಿಂದ ಕಾಳು ಮರಳಿ ಬಾರದು. ಎಷ್ಟು ದೊಡ್ಡ ಫೈಲನ್ನು ಹಾಕಿದರೂ ಗೊತ್ತಾದ ಉದ್ದದ ಒಂದು ಗುರುತು ಹೊರಬರುತ್ತದೆ. ಒಂದು ಅರ್ಧವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಅದು ದಾಖಲೆಯ ಬೆರಳಚ್ಚು. ಎರಡು ಬೇರೆ ದಾಖಲೆಗಳಿಗೆ ಒಂದೇ ಬೆರಳಚ್ಚು ಬರುವಂತೆ ಯಾರೂ ಮಾಡಲಾಗಬಾರದು ಎಂಬುದು ಷರತ್ತು.

ಹಳೆಯ ಕ್ರಿಪ್ಟ್‌ನ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಪಾಸ್‌ವರ್ಡನ್ನೇ ಕೀಲಿಯಾಗಿಸಿ ಡಿಇಎಸ್ ಯಂತ್ರವನ್ನು 25 ಸಲ ಓಡಿಸುವುದು, ಬೇಕೆಂದೇ ನಿಧಾನ ಮಾಡುವುದು, ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಫಲಿತ ಬೇರೆಯಾಗಲೆಂದು ಚಿಟಿಕೆ ‘ಉಪ್ಪು’ ಹಾಕುವುದು. ಈ ಉಪ್ಪಿನಲ್ಲಿ 4096 ಬಗೆ. ಪಾಸ್‌ವರ್ಡಿನ ಮೊದಲ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ, ಒಂಬತ್ತನೆಯದರಿಂದ ಮುಂದೆ ನೀವು ಏನು ಹೊಡೆದರೂ ಒಂದೇ. ಅಂದಿಗೆ ಅದು ಒಳ್ಳೆಯ ವಿನ್ಯಾಸ. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಯಂತ್ರವೊಂದನ್ನು ಕಟ್ಟಿ ಡಿಇಎಸ್‌ನ 56 ಬಿಟ್ ಕೀಲಿಯನ್ನು 56 ಗಂಟೆಗಳಲ್ಲಿ ಹುಡುಕಿತು.

ಆಮೇಲಿನ ಸರದಿ ಎಂಡಿ5ದು. ರಾನ್ ರಿವೆಸ್ಟ್ ರೂಪಿಸಿದ ಈ ಹ್ಯಾಶ್ 1992ರಲ್ಲಿ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾಯಿತು. ಗಿಸ್ಲೆ ಆಸ್ ಅವರ ಡೈಜೆಸ್ಟ್::ಎಂಡಿ5 ಮಾಡ್ಯೂಲು 2002ರ 5.8 ಆವೃತ್ತಿಯಲ್ಲಿ ಪರ್ಲ್‌ನ ಜೊತೆಗೇ ಬರತೊಡಗಿತು. ಎರಡೇ ವರ್ಷ. 2004ರ ಆಗಸ್ಟಿನಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಮತ್ತು ಜೊತೆಗಾರರು ಒಂದೇ ಎಂಡಿ5 ಕೊಡುವ ಬೇರೆ ಬೇರೆ ಪಾಠಗಳನ್ನು ತೋರಿಸಿದರು. 2008ರಲ್ಲಿ ಸಂಶೋಧಕರ ತಂಡವೊಂದು ಸುಮಾರು 200 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ, ಎಂಡಿ5 ಆಧರಿಸಿದ ನಕಲಿ ಪ್ರಮಾಣಪತ್ರ ಪ್ರಾಧಿಕಾರವನ್ನೇ ಸೃಷ್ಟಿಸಿತು. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಗೂಢಚಾರ ಸಾಫ್ಟ್‌ವೇರ್ ಇದೇ ಬಗೆಯ ಉಪಾಯದಿಂದ ಮೈಕ್ರೋಸಾಫ್ಟಿನ ಸಹಿಯನ್ನು ಹೊತ್ತು ಓಡಾಡಿತ್ತು.

ಶಾ-1 ಕೂಡ ಅದೇ ಹಾದಿ ಹಿಡಿಯಿತು. 2005ರಲ್ಲಿ ವಾಂಗ್ ತಂಡವೇ ಕಾಗದದ ಮೇಲೆ ಅದರ ದೌರ್ಬಲ್ಯ ತೋರಿಸಿತು. 2007ರ ಡಿಸೆಂಬರಿನ ಪರ್ಲ್ 5.10ರಲ್ಲಿ ಮಾರ್ಕ್ ಶೆಲರ್ ಅವರ ಡೈಜೆಸ್ಟ್::ಶಾ ಕೋರ್‌ಗೆ ಸೇರಿತು. ಅದರಲ್ಲಿ ಹಳೆಯ ಶಾ-1ರ ಜೊತೆ ಗಟ್ಟಿಯಾದ ಶಾ-256, ಶಾ-512 ಕೂಡ ಇದ್ದವು. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆ ಮತ್ತು ಗೂಗಲ್ ಸೇರಿ, ಒಂದೇ ಶಾ-1 ಇರುವ ಎರಡು ಬೇರೆ ಪಿಡಿಎಫ್‌ಗಳನ್ನು ಜಗತ್ತಿನ ಮುಂದಿಟ್ಟವು. ಅಂದಹಾಗೆ, ಮ್ಯಾಕ್ ಕಂಪ್ಯೂಟರಿನಲ್ಲಿ ನೀವು ಫೈಲಿನ ಬೆರಳಚ್ಚು ನೋಡಲು ‘ಶಾಸಮ್’ ಎಂಬ ಆಜ್ಞೆ ಹೊಡೆದಿದ್ದರೆ, ನಿಮಗೆ ತಿಳಿಯದೆಯೇ ಶೆಲರ್ ಅವರ ಪರ್ಲ್ ಪ್ರೋಗ್ರಾಮನ್ನು ಓಡಿಸಿದ್ದೀರಿ.

ಹ್ಯಾಶ್‌ನ ಬಗ್ಗೆ ಇನ್ನೊಂದು ಭ್ರಮೆಯಿದೆ, ಬೀಸಿದ್ದೆಲ್ಲ ಗುಟ್ಟಾಗುತ್ತದೆ ಎಂಬುದು. ಹಳೆಯ ಕೆಲವು ಪರ್ಲ್ ಮಾಡ್ಯೂಲುಗಳು ಲಾಗಿನ್ ಆದವರಿಗೆ ಕೊಡುವ ಗುಪ್ತ ಗುರುತನ್ನು ಗಡಿಯಾರದ ಸಮಯ, ಪ್ರೋಗ್ರಾಮಿನ ನಂಬರು, ಮಾಮೂಲಿ ರ‍್ಯಾಂಡ್ ಕ್ರಿಯೆಯ ಅಂಕಿ ಇಷ್ಟನ್ನು ಸೇರಿಸಿ ಎಂಡಿ5 ಮಾಡಿ ತಯಾರಿಸುತ್ತಿದ್ದವು. ನೋಡಲು ಊಹೆಗೆ ನಿಲುಕದ 32 ಅಕ್ಷರ. ಆದರೆ ಸಮಯವನ್ನು ಊಹಿಸಬಹುದು, ನಂಬರನ್ನು ಊಹಿಸಬಹುದು, ರ‍್ಯಾಂಡ್ ಕೂಡ ಗುಟ್ಟಿಗೆಂದು ಮಾಡಿದ್ದಲ್ಲ. ಹಿಡಿ ರಾಗಿಯನ್ನು ಎಷ್ಟು ಸಲ ಬೀಸಿದರೂ ಹಿಡಿ ಹಿಟ್ಟೇ. 2025ರಲ್ಲಿ ಸಿಪ್ಯಾನಿನ ಭದ್ರತಾ ಬಳಗದವರು ಇಂಥ ಮಾಡ್ಯೂಲುಗಳನ್ನು ಒಂದೊಂದಾಗಿ ಹೆಕ್ಕಿ ಎಚ್ಚರಿಕೆ ಪ್ರಕಟಿಸಿದರು.

ಇನ್ನೊಂದು ಹ್ಯಾಶ್

ಪರ್ಲ್‌ನಲ್ಲಿ ಹ್ಯಾಶ್ ಎಂಬ ಮಾತಿಗೆ ಎರಡನೆಯ ಅರ್ಥವೂ ಇದೆ. ಹೆಸರು ಕೊಟ್ಟರೆ ಮಾಹಿತಿ ಕೊಡುವ ಕೋಷ್ಟಕಕ್ಕೂ ಹ್ಯಾಶ್ ಎಂದೇ ಹೆಸರು. ಹೆಸರನ್ನು ಒಂದು ಸಣ್ಣ ಹ್ಯಾಶ್‌ಗೆ ಹಾಕಿ, ಬಂದ ಅಂಕಿಯ ಪ್ರಕಾರ ಅದನ್ನು ಒಂದು ಗೂಡಿನಲ್ಲಿಡುತ್ತಾರೆ. ಅಂಚೆ ಕಚೇರಿಯಲ್ಲಿ ಪಿನ್ ನೋಡಿ ಕಾಗದಗಳನ್ನು ಗೂಡುಗಳಿಗೆ ಹಂಚುವ ಹಾಗೆ. ಎಲ್ಲ ಕಾಗದವೂ ಒಂದೇ ಗೂಡಿಗೆ ಬಿದ್ದರೆ ಹುಡುಕುವುದೇ ಕೆಲಸ.

2003ರಲ್ಲಿ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ ಇದನ್ನೇ ಆಯುಧವಾಗಿ ತೋರಿಸಿದರು. ಎಲ್ಲವೂ ಒಂದೇ ಗೂಡಿಗೆ ಬೀಳುವಂತೆ ಹೆಸರುಗಳನ್ನು ಆರಿಸಿ ಕಳಿಸಿದರೆ, ಸಣ್ಣ ಸಂದೇಶದಿಂದಲೇ ದೊಡ್ಡ ಸರ್ವರನ್ನು ಮಂಡಿಯೂರಿಸಬಹುದು. ಅವರ ಉದಾಹರಣೆಗಳಲ್ಲಿ ಪರ್ಲ್ ಇತ್ತು. ಅದೇ ವರ್ಷದ 5.8.1 ಆವೃತ್ತಿಯಲ್ಲಿ ಪರ್ಲ್ ತನ್ನ ಹ್ಯಾಶ್‌ಗೆ ಯಾದೃಚ್ಛಿಕ ಬೀಜ ಬೆರೆಸಿ ರಕ್ಷಣೆ ಮಾಡಿಕೊಂಡಿತು. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಇದೇ ದಾಳಿಯನ್ನು ಮತ್ತೆ ತೋರಿಸಿದಾಗ ಪಿಎಚ್‌ಪಿ, ಜಾವಾ, ಪೈಥಾನ್ ಮುಂತಾದವು ಸಿಕ್ಕಿಬಿದ್ದವು. ಎಂಟು ವರ್ಷ ಹಿಂದೆಯೇ ಏಟು ತಿಂದಿದ್ದ ಪರ್ಲ್ ಪಾರಾಯಿತು. 2013ರ 5.18ರಲ್ಲಿ ಆ ರಕ್ಷಣೆ ಇನ್ನಷ್ಟು ಬಿಗಿಯಾಯಿತು. ಗೂಡುಗಳ ಕ್ರಮ ಎಂದೂ ಒಂದೇ ಇರುತ್ತದೆಂದು ನಂಬಿ ಬರೆದಿದ್ದ ಪ್ರೋಗ್ರಾಮುಗಳು ಮುಗ್ಗರಿಸಿದ್ದೂ ಆಗಲೇ. ಈ ದಾಳಿಗೆ ಉತ್ತರವಾಗಿ 2012ರಲ್ಲಿ ಬಂದ ಸಿಪ್‌ಹ್ಯಾಶ್ ಪರ್ಲ್‌ನಲ್ಲೂ ಜಾಗ ಪಡೆಯಿತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು, ಸ್ನಫಲ್ ಮೊಕದ್ದಮೆಯ ಅದೇ ಡೇನಿಯಲ್ ಬರ್ನ್‌ಸ್ಟೈನ್.

ಕೋರ್ಟಿನ ನಮೂನೆಯಲ್ಲಿ ಒಂದು ಚೌಕ

ಇದೆಲ್ಲ ನಮಗೇಕೆ ಎನ್ನುವವರಿಗೆ ಎರಡು ಕಾಯಿದೆಗಳನ್ನು ನೆನಪಿಸಬೇಕು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೆಯ ಕಲಮು ಡಿಜಿಟಲ್ ಸಹಿಯನ್ನು ಹೇಳುವಾಗ ಹ್ಯಾಶ್ ಎಂದರೇನು ಎಂದು ವಿವರಿಸುತ್ತದೆ. ಒಂದೇ ಫಲಿತ ಕೊಡುವ ಎರಡು ದಾಖಲೆಗಳನ್ನು ಹುಡುಕುವುದು ಲೆಕ್ಕಾಚಾರದ ಮಟ್ಟಿಗೆ ಅಸಾಧ್ಯವಾಗಿರಬೇಕು ಎಂಬ ಷರತ್ತನ್ನೂ ಹಾಕುತ್ತದೆ. ಅಂದರೆ ಗಣಿತದ ಷರತ್ತು ನಮ್ಮ ಶಾಸನದಲ್ಲೇ ಬರೆದಿದೆ.

ಇನ್ನೊಂದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ. ಅದರ 63ನೆಯ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ವಾಟ್ಸಾಪ್ ಸಂಭಾಷಣೆ, ಸಿಸಿಟಿವಿ ದೃಶ್ಯ, ಬ್ಯಾಂಕಿನ ಮೆಸೇಜು, ಏನೇ ಇರಲಿ. ಅನುಸೂಚಿಯ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಬರೆಯಬೇಕು, ಯಾವ ವಿಧಾನದಿಂದ ಪಡೆದದ್ದೆಂದು ಗುರುತಿಸಬೇಕು. ಅಲ್ಲಿ ಹೆಸರಿಸಿರುವುದು ಶಾ-1, ಶಾ-256, ಎಂಡಿ5, ಮತ್ತು ಕಾನೂನು ಒಪ್ಪುವ ಇತರ ವಿಧಾನ. ನಾಲ್ಕೂ ಅಕ್ಕಪಕ್ಕ, ಸಮಾನ ಮರ್ಯಾದೆಯಲ್ಲಿ. ಮುಂಬೈಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಬಾಡಿಗೆ ತಕರಾರಿಗೆ, ವಿಚ್ಛೇದನಕ್ಕೆ, ಆನ್‌ಲೈನ್ ಮೋಸಕ್ಕೆ ಕೋರ್ಟು ಹತ್ತಿದ ಯಾರಿಗಾದರೂ ಈ ನಮೂನೆ ಎದುರಾಗುತ್ತದೆ.

ಇಲ್ಲಿ ಹೆದರಿಸುವುದೂ ತಪ್ಪು, ಹಗುರ ಮಾಡುವುದೂ ತಪ್ಪು. ಈಗಾಗಲೇ ಇರುವ ದಾಖಲೆಯೊಂದರ ಎಂಡಿ5 ಕೊಟ್ಟು, ಅದೇ ಗುರುತಿನ ಇನ್ನೊಂದನ್ನು ಮಾಡಿ ಎಂದರೆ ಇಂದಿಗೂ ಯಾರ ಕೈಲೂ ಆಗದು. ಪೊಲೀಸರು ವಶಪಡಿಸಿಕೊಂಡ ಫೋನಿನ ಪ್ರತಿಯನ್ನು ಆಮೇಲೆ ಯಾರೋ ತಿದ್ದಿದರೆ ಎಂಡಿ5 ಕೂಡ ಅದನ್ನು ತೋರಿಸಿಕೊಡುತ್ತದೆ. ತೊಂದರೆ ಬೇರೆ ಕಡೆ. ದಾಖಲೆಯನ್ನು ಹುಟ್ಟಿಸುವವನೇ ಮೋಸಗಾರನಾಗಿದ್ದರೆ, ಅವನು ಮೊದಲೇ ಒಂದೇ ಗುರುತಿನ ಎರಡು ಪ್ರತಿ ಸಿದ್ಧಮಾಡಿ, ಒಂದನ್ನು ತೋರಿಸಿ ಹ್ಯಾಶ್ ಬರೆಸಿ, ಇನ್ನೊಂದನ್ನು ಆಮೇಲೆ ಹೊರತೆಗೆಯಬಹುದು. ಎಂಡಿ5ರಲ್ಲಿ ಇದು ಮಾಮೂಲಿ ಲ್ಯಾಪ್‌ಟಾಪಿನಲ್ಲೇ ಆಗುವ ಕೆಲಸ. ನಮೂನೆಯಲ್ಲಿ ಶಾ-256ರ ಚೌಕವೂ ಇದೆ, ಅದಕ್ಕೆ ಒಂದು ಪೈಸೆಯ ಹೆಚ್ಚಿನ ಖರ್ಚಿಲ್ಲ. ಈ ಪತ್ರ ಓದುವ ವಕೀಲರು ಗುಮಾಸ್ತರು ಯಾರಾದರೂ ಇದ್ದರೆ ಆ ಚೌಕಕ್ಕೇ ಗುರುತು ಹಾಕಿಸಲಿ. ಕಕ್ಷಿದಾರರು ಕೇಳಿ ಹಾಕಿಸಿಕೊಳ್ಳಲಿ.

ಪರ್ಲ್‌ನಲ್ಲಿ ಇಂದು ಹೊಸದಾಗಿ ಬರೆಯುವವರಿಗೆ ಕ್ರಿಪ್ಟ್‌ಎಕ್ಸ್ ಎಂಬ ಲೈಬ್ರರಿ ಇದೆ, ಕರೆಲ್ ಮಿಕೊ ಅವರದು, ಕೆಳಗಡೆ ಲಿಬ್‌ಟಾಮ್‌ಕ್ರಿಪ್ಟ್ ಎಂಬ ಸಿ ಲೈಬ್ರರಿಯ ಅಡಿಪಾಯ. ಡೈಜೆಸ್ಟ್::ಎಂಡಿ5 ಕೂಡ ಇನ್ನೂ ಪರ್ಲ್‌ನ ಜೊತೆಗೇ ಬರುತ್ತದೆ, ತೆಗೆದುಹಾಕಿದರೆ ಹಳೆಯ ಪ್ರೋಗ್ರಾಮುಗಳು ನಿಂತುಹೋಗುತ್ತವೆ. ಅದರ ಕೈಪಿಡಿಯಲ್ಲಿ ಮಾತ್ರ, ಭದ್ರತೆಗೆ ಇದನ್ನು ನಂಬಬೇಡಿ ಎಂಬ ಮಾತು ಸೇರಿದೆ. ಪರ್ಲ್ ಬಳಗ ಹಳೆಯ ಮುದ್ರೆಯನ್ನು ಬಿಸಾಡಲಿಲ್ಲ, ಅದರ ಪಕ್ಕದಲ್ಲಿ ಎಚ್ಚರಿಕೆ ಬರೆದಿಟ್ಟಿತು. ನಮ್ಮ ಅನುಸೂಚಿಯ ನಮೂನೆಗೆ ಆ ಒಂದು ಸಾಲು ಇನ್ನೂ ಬಂದಿಲ್ಲ.